ಆ್ಯಪ್ ಮಾಡೋಕೆ ಮೊದಲು ಒಂದು ಫೋನ್ ಮಾಡೋಣ

ಮಷೀನ್ ಲರ್ನಿಂಗ್ ಕಲಿಯೋಕೆ ಶುರು ಮಾಡಿದ ಎಲ್ಲರಿಗೂ ಒಂದು ಡೇಟಾಸೆಟ್ ಗೊತ್ತಿರುತ್ತೆ. ಸೈಕಿಟ್-ಲರ್ನ್ ಒಳಗೇ ಬರುತ್ತೆ, ಬೇರೆ ಡೌನ್‌ಲೋಡ್ ಕೂಡ ಬೇಕಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂಗ್ರಹಿಸಿದ ಸ್ತನ ಕ್ಯಾನ್ಸರ್ ಡೇಟಾ. 569 ಸಾಲು, 30 ಕಾಲಂ. ಅದರಲ್ಲಿ 357 ಅಪಾಯ ಇಲ್ಲದ ಗಡ್ಡೆಗಳು, 212 ಕ್ಯಾನ್ಸರ್ ಗಡ್ಡೆಗಳು. ಸಾದಾ ಲಾಜಿಸ್ಟಿಕ್ ರಿಗ್ರೆಶನ್ ಹಾಕಿದ್ರೂ ಅಕ್ಯುರೆಸಿ ಚೆನ್ನಾಗೇ ಬರುತ್ತೆ. ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸಿ, 'ಬ್ರೆಸ್ಟ್ ಕ್ಯಾನ್ಸರ್ ಡಿಟೆಕ್ಷನ್' ಅಂತ ಹೆಸರಿಟ್ಟು, ಮಾರ್ಕ್ಸ್ ತಗೊಂಡು ಮುಂದಿನ ಸೆಮಿಸ್ಟರ್‌ಗೆ ಹೋಗ್ತೀವಿ.

ನನ್ನ ಪ್ರಶ್ನೆ ಆ 212 ಸಾಲುಗಳ ಬಗ್ಗೆ. ಒಂದೊಂದು ಸಾಲಿನ ಹಿಂದೆಯೂ ಒಬ್ಬರು ಇದ್ದಾರೆ. ಕ್ಯಾನ್ಸರ್ ಅಂತ ಗೊತ್ತಾಯ್ತು, ಸರಿ. ಆಪರೇಷನ್ ಆಯ್ತು, ಕೀಮೋ ಆಯ್ತು, ರೇಡಿಯೇಷನ್ ಆಯ್ತು, ಮನೆಗೆ ಬಂದ್ರು. ಆಮೇಲೆ? ನಮ್ಮ ಕೋಡ್ ಮುಗಿದು ಎಷ್ಟೋ ಕಾಲದ ಮೇಲೆ ಅವರ ಇನ್ನೊಂದು ಐದು ವರ್ಷ ಶುರುವಾಗುತ್ತೆ. ಆ ಐದು ವರ್ಷಕ್ಕೆ ಆನ್‌ಲೈನ್ ಸಾಧನಗಳಿಂದ ಏನು ಆಗುತ್ತೆ, ಏನು ಆಗಲ್ಲ ಅನ್ನೋದನ್ನ ನಾವು ಯೋಚಿಸಲೇಬೇಕು ಅಂತ ನನಗನ್ನಿಸುತ್ತೆ. ಗಾಳಿಯಲ್ಲಿ ಮಾತಾಡೋದು ಬೇಡ ಅಂತ ನನಗೆ ಗೊತ್ತಿರೋ ನಾಲ್ಕು ತಾಲ್ಲೂಕುಗಳನ್ನೇ ಇಟ್ಕೊಳ್ತೀನಿ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ.

ಚಿಕಿತ್ಸೆ ಮುಗಿದ ಮೇಲೆ ಏನಿರುತ್ತೆ?

ಗ್ಲೋಬೊಕಾನ್ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬರುತ್ತೆ, ಸುಮಾರು 98 ಸಾವಿರ ಜನ ಅದರಿಂದ ಸಾಯ್ತಾರೆ. ಬದುಕಿ ಉಳಿದವರ ಲೆಕ್ಕದ ಬಗ್ಗೆ ನಾವು ಮಾತಾಡೋದು ಕಡಿಮೆ. ಅವರು ಪೂರ್ತಿ ಬಿಡುಗಡೆಯಾದವರಲ್ಲ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಎಎಸ್‌ಸಿಒ ಹೇಳೋ ಪ್ರಕಾರ, ಮೊದಲ ಮೂರು ವರ್ಷ ಪ್ರತಿ 3ರಿಂದ 6 ತಿಂಗಳಿಗೊಮ್ಮೆ, ನಾಲ್ಕು ಮತ್ತು ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ್ ಹತ್ತಿರ ತೋರಿಸ್ಕೊಂಡು ಬರಬೇಕು. ವರ್ಷಕ್ಕೊಂದು ಮ್ಯಾಮೋಗ್ರಾಮ್. ಸುಮ್ಮಸುಮ್ಮನೆ ಸ್ಕ್ಯಾನ್, ರಕ್ತಪರೀಕ್ಷೆ ಬೇಡ ಅಂತಲೂ ಅದೇ ಮಾರ್ಗಸೂಚಿ ಹೇಳುತ್ತೆ. ಏನೂ ಲಕ್ಷಣ ಇಲ್ಲದವರಿಗೆ ಪದೇ ಪದೇ ಸ್ಕ್ಯಾನ್ ಮಾಡಿಸಿದ್ರೆ ಆಯಸ್ಸು ಹೆಚ್ಚಲ್ಲ. ಅಂದ್ರೆ ಇಲ್ಲಿ ಮುಖ್ಯ ಕೆಲಸ ಮಷೀನಿನದ್ದಲ್ಲ. ಕೇಳೋದು, ಕೈಯಿಂದ ಮುಟ್ಟಿ ನೋಡೋದು, ಮತ್ತೆ ಕೇಳೋದು.

ಎರಡನೇದು ಮಾತ್ರೆ. ಹಾರ್ಮೋನ್‌ನಿಂದ ಬೆಳೆಯೋ ಜಾತಿಯ ಸ್ತನ ಕ್ಯಾನ್ಸರ್ ಆಗಿದ್ರೆ ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ತರಹದ ಮಾತ್ರೆ ದಿನಾ ತಗೋಬೇಕು. ಐದು ವರ್ಷ, ಕೆಲವರಿಗೆ ಹತ್ತು ವರ್ಷ. 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ಪ್ರಕಾರ, ಈ ಜಾತಿಯ ಕ್ಯಾನ್ಸರ್ ಇರೋರು ಐದು ವರ್ಷ ಟ್ಯಾಮಾಕ್ಸಿಫೆನ್ ತಗೊಂಡ್ರೆ 15 ವರ್ಷದಲ್ಲಿ ಆ ಕಾಯಿಲೆಯಿಂದ ಸಾಯೋ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗುತ್ತೆ. ಮಾತ್ರೆ ದುಬಾರಿಯೂ ಅಲ್ಲ. ಆದರೆ ಮೈಯೆಲ್ಲ ಇದ್ದಕ್ಕಿದ್ದ ಹಾಗೆ ಬಿಸಿಯಾಗುತ್ತೆ, ಬೆವರುತ್ತೆ. ಲೆಟ್ರೊಜೋಲ್ ಆದ್ರೆ ಕೀಲುನೋವು. 'ಹುಷಾರಾಗಿದೀನಲ್ಲ, ಇನ್ಯಾಕೆ ಮಾತ್ರೆ' ಅಂತ ನಿಲ್ಲಿಸಿಬಿಡ್ತಾರೆ. ನಿಲ್ಲಿಸಿದ್ದು ಯಾರಿಗೂ ಗೊತ್ತಾಗಲ್ಲ. ನಿಲ್ಲಿಸಿದ ಮಾರನೇ ದಿನ ಏನೂ ಆಗಲ್ಲ ನೋಡಿ, ಅದೇ ಸಮಸ್ಯೆ.

ಮೂರನೇದು ಕೈ ಊತ. ಕಂಕುಳಿನ ಗ್ರಂಥಿ ತೆಗೆದಿದ್ರೆ ಆ ಕಡೆ ಕೈಯಲ್ಲಿ ನೀರು ತುಂಬಿ ಊದಿಕೊಳ್ಳಬಹುದು. ಆ ಕೈಗೆ ಗಾಯ ಆಗಿ, ಕೆಂಪಾಗಿ, ಜ್ವರ ಬಂತು ಅಂದ್ರೆ ತಡ ಮಾಡೋ ಹಾಗಿಲ್ಲ. ಹಸು ಕರೆಯೋರು, ಟೊಮೆಟೊ ಬಿಡಿಸೋರು, ಗುಲಾಬಿ ಕೀಳೋರು ಇರೋ ಜಿಲ್ಲೆಯಲ್ಲಿ 'ಕೈಗೆ ಗಾಯ ಮಾಡ್ಕೋಬೇಡಿ' ಅಂತ ಚೀಟಿಯಲ್ಲಿ ಬರೆದುಕೊಟ್ರೆ ಸಾಕಾ?

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ನಕ್ಷೆಯಲ್ಲಿ ನೋಡಿದ್ರೆ ಎಲ್ಲಾ ಹತ್ತಿರ. 'ಬೆಂಗಳೂರು ಪಕ್ಕದಲ್ಲೇ ಇದೆಯಲ್ಲ, ನಿಮಗೇನು' ಅಂತ ಉತ್ತರ ಕರ್ನಾಟಕದ ಫ್ರೆಂಡ್ಸ್ ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಬೀದರ್‌ನವರಿಗಿಂತ ನಾವು ಅದೃಷ್ಟವಂತರು.

ಆದರೆ ಹತ್ತಿರ ಅನ್ನೋದನ್ನ ಕಿಲೋಮೀಟರ್‌ನಲ್ಲಿ ಅಳೆದರೆ ಸಾಲದು. ಮಾಲೂರಿನವರಿಗೆ ರೈಲು ಹತ್ತಿದ್ರೆ ಬೆಂಗಳೂರು ಸಿಗುತ್ತೆ, ಅವರಿಗೆ ಕೋಲಾರಕ್ಕೆ ಹೋಗೋದೇ ಉಲ್ಟಾ ದಾರಿ. ಮುಳಬಾಗಿಲಿಗೆ ರೈಲೇ ಇಲ್ಲ, ಹೆದ್ದಾರಿ ಬಸ್ಸೇ ಗತಿ. ಆಂಧ್ರದ ಗಡಿ ಪಕ್ಕದಲ್ಲೇ ಇರೋದ್ರಿಂದ ಅಲ್ಲಿನ ಕೆಲವರಿಗೆ ವೆಲ್ಲೂರಿನ ಸಿಎಂಸಿ ಕೂಡ ದೂರ ಅನ್ನಿಸಲ್ಲ. ಹಾಗಾದ್ರೆ ಅವರ ರಿಪೋರ್ಟು ಬೇರೆ ರಾಜ್ಯದಲ್ಲಿ. ಶ್ರೀನಿವಾಸಪುರದ ಹಳ್ಳಿಗಳಿಂದ ಮೊದಲು ಶ್ರೀನಿವಾಸಪುರ, ಅಲ್ಲಿಂದ ಕೋಲಾರ, ಅಲ್ಲಿಂದ ಬೆಂಗಳೂರು. ಮಾವಿನ ಕಾಲದಲ್ಲಿ ಆ ತಾಲ್ಲೂಕಿನಲ್ಲಿ ಯಾರೂ ಸುಮ್ಮನೆ ಆಸ್ಪತ್ರೆಗೆ ಹೋಗಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಿಜಕ್ಕೂ ಒಳ್ಳೇದಾಯ್ತು. ಆದರೆ ಆ ದಿನದ ಕೂಲಿ ಹೋಗುತ್ತೆ, ಜೊತೆಗೆ ಬರೋ ಗಂಡಸಿನ ಕೂಲಿಯೂ ಹೋಗುತ್ತೆ, ಸಂಜೆ ಹಾಲು ಕರೆಯೋಕೆ ಯಾರನ್ನಾದ್ರೂ ಕೇಳ್ಕೋಬೇಕು. ಇಷ್ಟೆಲ್ಲ ಮಾಡಿ ಹೋದ್ರೆ ಐದು ನಿಮಿಷದಲ್ಲಿ 'ಚೆನ್ನಾಗಿದೀರಮ್ಮ, ಆರು ತಿಂಗಳು ಬಿಟ್ಟು ಬನ್ನಿ' ಅಂತಾರೆ. ಡಾಕ್ಟರ ತಪ್ಪಲ್ಲ, ಹಿಂದೆ ಕ್ಯೂ ಇರುತ್ತೆ. ಆದರೆ ಮುಂದಿನ ಸಲ ಆಕೆ ಬರದೇ ಇದ್ರೆ ಆಕೆಯದೂ ತಪ್ಪಲ್ಲ.

ಇದಕ್ಕೆ ಹೋಲಿಸಿದ್ರೆ ನಮ್ಮ ಹಾಲಿನ ಡೇರಿ ನೋಡಿ. ದಿನಕ್ಕೆ ಎರಡು ಹೊತ್ತು ಹಾಲು ಅಳೀತಾರೆ, ಫ್ಯಾಟ್ ನೋಡ್ತಾರೆ, ಸದಸ್ಯರ ನಂಬರಿನ ಮೇಲೆ ಲೆಕ್ಕ ಬರೀತಾರೆ. ಎರಡು ದಿನ ಹಾಲು ಹಾಕದೇ ಇದ್ರೆ ಸೆಕ್ರೆಟರಿ 'ಯಾಕಮ್ಮಾ, ಹಸು ಹುಷಾರಿಲ್ವಾ?' ಅಂತ ಕೇಳ್ತಾರೆ. ಹಸುವಿನ ಬಗ್ಗೆ ಕೇಳೋಕೆ ಊರಲ್ಲಿ ಒಂದು ವ್ಯವಸ್ಥೆ ಇದೆ. ಅದನ್ನ ಕರೆದು ತಂದ ಹೆಂಗಸಿನ ಬಗ್ಗೆ ಕೇಳೋಕೆ ಇಲ್ಲ.

ಒಂದು ಎಸ್‌ಎಂಎಸ್ ಮತ್ತು ಒಂದು ಪ್ಲಾಸ್ಟಿಕ್ ಕವರ್

ನಮ್ಮ ದೊಡ್ಡಮ್ಮ ಶ್ರೀನಿವಾಸಪುರದ ಕಡೆಯವರು. ಚಿಕಿತ್ಸೆ ಮುಗಿದು ಮೂರು ವರ್ಷ ಆಯ್ತು. ಆಸ್ಪತ್ರೆಯಿಂದ ಅವರಿಗೆ ರಿಮೈಂಡರ್ ಬರ್ತಿತ್ತು. ಇಂಗ್ಲಿಷಿನಲ್ಲಿ, ಒಂದು ಲಿಂಕ್ ಜೊತೆ. ಬರ್ತಿದ್ದದ್ದು ಅಣ್ಣನ ನಂಬರಿಗೆ, ಯಾಕಂದ್ರೆ ಅಡ್ಮಿಟ್ ಮಾಡುವಾಗ ಫಾರಂ ತುಂಬಿದ್ದು ಅವನು. ಅವನು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ, ವಾರಕ್ಕೊಮ್ಮೆ ಊರಿಗೆ ಬರ್ತಾನೆ. ಆ ಲಿಂಕ್ ಒತ್ತಿದ್ರೆ ಒಂದು ಫಾರಂ: ನೋವು ಒಂದರಿಂದ ಹತ್ತರಲ್ಲಿ ಎಷ್ಟು, ಆಯಾಸ ಎಷ್ಟು, ಮುಟ್ಟಿನ ರಕ್ತಸ್ರಾವ ಇದೆಯಾ. ಟ್ಯಾಮಾಕ್ಸಿಫೆನ್ ತಗೊಳ್ಳೋರಿಗೆ ಮುಟ್ಟು ನಿಂತ ಮೇಲೆ ರಕ್ತ ಕಾಣಿಸ್ಕೊಂಡ್ರೆ ತಕ್ಷಣ ಡಾಕ್ಟರಿಗೆ ಹೇಳಬೇಕು, ಯಾಕಂದ್ರೆ ಆ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚುತ್ತೆ. ಕೇಳಲೇಬೇಕಾದ ಪ್ರಶ್ನೆ. ಆದರೆ ಮಗನ ಫೋನಲ್ಲಿ ಕೇಳಿದ್ರೆ ಯಾವ ತಾಯಿ ಉತ್ತರ ಕೊಡ್ತಾಳೆ?

ಆ ನಡುವೆ ದೊಡ್ಡಮ್ಮ ನಾಲ್ಕು ತಿಂಗಳು ಮಾತ್ರೆ ತಗೊಂಡೇ ಇರಲಿಲ್ಲ. ಸಿಸ್ಟಮ್‌ನಲ್ಲಿ ರಿಮೈಂಡರ್ ಕಳಿಸಿದ್ದಕ್ಕೆ ಟಿಕ್ ಮಾರ್ಕ್ ಇದ್ದಿರಬೇಕು. ಕಂಡುಹಿಡಿದಿದ್ದು ಬಿಪಿ ನೋಡೋಕೆ ಮನೆಗೆ ಬಂದ ಆಶಾ ಕಾರ್ಯಕರ್ತೆ. 'ಅಕ್ಕಾ, ಆ ಸಣ್ಣ ಮಾತ್ರೆ ನುಂಗ್ತಿದೀರಾ?' ಅಂತ ಕೇಳಿದ್ರಂತೆ, ಅಷ್ಟೇ. ದೊಡ್ಡಮ್ಮ ನನಗೆ ಆಮೇಲೆ ಹೇಳಿದ್ದು: 'ನೋಡಮ್ಮಾ, ಅವಳು ಕೇಳಿದ್ಲು, ಅದಕ್ಕೆ ಹೇಳ್ದೆ. ಯಾರೂ ಕೇಳಿರಲಿಲ್ಲ.' ಡಾಕ್ಟರಿಗೆ ತೋರಿಸಿದ್ಮೇಲೆ ಮತ್ತೆ ಶುರು ಮಾಡಿದ್ದಾರೆ.

ಅವರ ಎಲ್ಲಾ ದಾಖಲೆ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿದೆ. ಯಾವ ಜಾತಿಯ ಗಡ್ಡೆ, ಎಷ್ಟು ಕೀಮೋ, ಯಾವ ಔಷಧ ಅನ್ನೋದೆಲ್ಲ ಅದರೊಳಗೆ. ಮಳೆಗೆ ನೆನೆದ್ರೆ ಸ್ಥಳೀಯ ಡಾಕ್ಟರಿಗೆ ಏನೂ ಗೊತ್ತಾಗಲ್ಲ.

ಆನ್‌ಲೈನ್ ಬೇಡ ಅಂತ ಹೇಳ್ತಿಲ್ಲ

ಇಷ್ಟು ಓದಿ 'ಟೆಕ್ನಾಲಜಿ ಬೇಡ ಅಂತೀಯಾ?' ಅಂತ ಕೇಳಬೇಡಿ. ಸರಿಯಾಗಿ ಮಾಡಿದ್ರೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇದೆ.

2017ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಎಥನ್ ಬ್ಯಾಶ್ ಮತ್ತು ಜೊತೆಗಾರರ ಅಧ್ಯಯನ ಬಂತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ 766 ರೋಗಿಗಳು, ಅದರಲ್ಲಿ ಸ್ತನ ಕ್ಯಾನ್ಸರ್‌ನವರೂ ಇದ್ದರು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನ ವೆಬ್‌ನಲ್ಲಿ ತಾವೇ ದಾಖಲಿಸ್ತಿದ್ರು, ಹೆಚ್ಚಾದ್ರೆ ನರ್ಸ್‌ಗೆ ಅಲರ್ಟ್ ಹೋಗ್ತಿತ್ತು. ಆ ಗುಂಪಿನವರು ಸರಾಸರಿ ಲೆಕ್ಕದಲ್ಲಿ, ಅಂದ್ರೆ ಮೀಡಿಯನ್‌ನಲ್ಲಿ, 31.2 ತಿಂಗಳು ಬದುಕಿದ್ರು. ಮಾಮೂಲಿ ಗುಂಪಿನವರು 26 ತಿಂಗಳು. ಅವರೆಲ್ಲ ಕಾಯಿಲೆ ಹರಡಿ ಕೀಮೋ ತಗೊಳ್ತಿದ್ದವರು, ಚಿಕಿತ್ಸೆ ಮುಗಿಸಿ ಮನೆಗೆ ಹೋದವರಲ್ಲ. ಹಾಗಾಗಿ ಇದೇ ಅಂಕಿ ನಮ್ಮ ವಿಷಯಕ್ಕೆ ಹಾಗೇ ಅಂಟಿಸೋ ಹಾಗಿಲ್ಲ. ಆದರೆ ಒಂದು ಗಮನಿಸಿ: ಅಲರ್ಟ್ ಬಂದಾಗ ನೋಡೋಕೆ ಆ ಕಡೆ ಒಬ್ಬ ನರ್ಸ್ ಇದ್ದರು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2009ರಲ್ಲಿ 'ಬಿಎಂಜೆ'ಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ, ಮತ್ತೆ ಬರೋ ಅಪಾಯ ಕಡಿಮೆ ಅಥವಾ ಮಧ್ಯಮ ಇದ್ದ 374 ಹೆಂಗಸರಲ್ಲಿ ಅರ್ಧ ಜನ ಆಸ್ಪತ್ರೆಗೆ ಬಂದ್ರು, ಇನ್ನರ್ಧ ಜನಕ್ಕೆ ತರಬೇತಿ ಇದ್ದ ನರ್ಸ್ ಫೋನ್ ಮಾಡಿ ಮಾತಾಡಿದ್ರು. ಫೋನ್ ಗುಂಪಿನವರಿಗೆ ಆತಂಕ ಹೆಚ್ಚಾಗಲಿಲ್ಲ, ಅವರ ತೃಪ್ತಿಯೂ ಕಡಿಮೆ ಆಗಲಿಲ್ಲ. ಆ್ಯಪ್ ಇಲ್ಲ, ಎಐ ಇಲ್ಲ. ಒಂದು ಫೋನು, ಒಬ್ಬ ನರ್ಸು, ಒಂದು ಪ್ರಶ್ನೆಪಟ್ಟಿ.

ನಮ್ಮಲ್ಲೂ ಬಿಡಿ ಬಿಡಿಯಾಗಿ ಎಲ್ಲಾ ಇದೆ. ಕರ್ನಾಟಕಕ್ಕೆ ಟೆಲಿಮೆಡಿಸಿನ್ ಹೊಸದೂ ಅಲ್ಲ: 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯನ್ನ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ರು. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು, ಮುಂದಿನ ತಿಂಗಳೇ ಇ-ಸಂಜೀವಿನಿ ಮನೆಯಿಂದಲೇ ಡಾಕ್ಟರನ್ನ ಕಾಣೋ ಸೌಲಭ್ಯ ಶುರು ಮಾಡ್ತು. ಸ್ಮಾರ್ಟ್‌ಫೋನ್ ಇಲ್ಲದವರು ಊರಿನ ಆರೋಗ್ಯ ಕೇಂದ್ರಕ್ಕೆ ಹೋದ್ರೆ ಅಲ್ಲಿನ ಸಿಬ್ಬಂದಿ ವಿಡಿಯೋದಲ್ಲಿ ಡಾಕ್ಟರಿಗೆ ಜೋಡಿಸೋ ದಾರಿಯೂ ಅದರಲ್ಲಿದೆ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ನಂಬರ್ ಸಿಗುತ್ತೆ, ಅದಕ್ಕೆ ರಿಪೋರ್ಟ್‌ಗಳನ್ನ ಜೋಡಿಸಬಹುದು. ಪ್ಲಾಸ್ಟಿಕ್ ಕವರಿಗೆ ಅದೇ ಉತ್ತರ. ಇನ್ನು 2024ರಲ್ಲಿ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಪ್ರಾಯೋಗಿಕವಾಗಿ ಶುರುವಾಗಿದ್ದೇ ಕೋಲಾರ ಜಿಲ್ಲೆಯಲ್ಲಿ. ಮನೆಮನೆಗೆ ಹೋಗಿ 30 ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಅದರ ಉದ್ದೇಶ. ಹೊಸ ರೋಗಿಯನ್ನ ಹುಡುಕೋಕೆ ಅದೇ ಮನೆಗೆ ಹೋಗ್ತೀವಿ ಅಂದ್ಮೇಲೆ, ಹಳೇ ರೋಗಿಗೆ ಒಂದು ಪ್ರಶ್ನೆ ಕೇಳಿ ಬರೋದು ಕಷ್ಟವಾ?

ಹಾಗಾದ್ರೆ ಏನು ಕಟ್ಟಬೇಕು?

ನನ್ನ ವಾದ ಇಷ್ಟು: ಇನ್‌ಸ್ಟಾಲ್ ಮಾಡಿಸೋ ಆ್ಯಪ್ ಬೇಡ. ರಿಂಗ್ ಆಗೋ ಫೋನ್ ಬೇಕು, ರಿಂಗ್‌ನ ಆ ಕಡೆ ಮನುಷ್ಯರು ಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇದ್ದ ಹೆಂಗಸರು ಶೇ. 54 ಮಾತ್ರ. ಒಂದು ಸಲವಾದ್ರೂ ಇಂಟರ್ನೆಟ್ ಬಳಸಿದವರು ಮೂರರಲ್ಲಿ ಒಬ್ಬರು. ಈಗ ಹೆಚ್ಚಿರಬಹುದು, ಆದರೆ ಕ್ಯಾನ್ಸರ್ ಬರೋ ವಯಸ್ಸಿನ ಹಳ್ಳಿ ಹೆಂಗಸರನ್ನ ನೆನೆಸಿಕೊಂಡು ಡಿಸೈನ್ ಮಾಡೋರು ಈ ಅಂಕಿ ಮರೆಯಬಾರದು.

ಸಾಧನ ಹೀಗಿರಬೇಕು. ತಿಂಗಳಿಗೊಮ್ಮೆ ಕಾಲ್ ಬರಬೇಕು, ರೆಕಾರ್ಡ್ ಮಾಡಿದ ಧ್ವನಿ, 'ಹೌದು ಅಂದ್ರೆ 1 ಒತ್ತಿ, ಇಲ್ಲ ಅಂದ್ರೆ 2 ಒತ್ತಿ'. ಗರ್ಭಿಣಿಯರಿಗೆ ಪ್ರತಿ ವಾರ ಕಾಲ್ ಮಾಡಿ ಮಾಹಿತಿ ಕೇಳಿಸೋ ಕಿಲ್ಕಾರಿ ಅನ್ನೋ ಸರ್ಕಾರಿ ಸೇವೆ 2016ರಿಂದ ಹಲವು ರಾಜ್ಯಗಳಲ್ಲಿ ನಡೆದಿದೆ, ಹಾಗಾಗಿ ತಂತ್ರಜ್ಞಾನ ಹೊಸದಲ್ಲ. ಕಾಲ್ ಬೆಳಿಗ್ಗೆ, ಸಂಜೆ ಹಾಲಿನ ಹೊತ್ತಲ್ಲಿ ಬರಬಾರದು. ಮಾಲೂರಿನಲ್ಲಿ ಹೂ ಕೀಳೋ ಹೊತ್ತಲ್ಲೂ ಬರಬಾರದು, ಮಧ್ಯಾಹ್ನ ಊಟದ ಮೇಲೆ ಬರಬೇಕು. ಅವರಿಗೆ ಬಿಡುವಿದ್ದಾಗ ಮಿಸ್ಡ್ ಕಾಲ್ ಕೊಟ್ರೂ ವಾಪಸ್ ಬರಬೇಕು. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಮಾತು ತೆಲುಗು ಆದವರು ಬಹಳ ಜನ, ಹಾಗಾಗಿ ಕನ್ನಡದ ಜೊತೆ ತೆಲುಗಿನ ಆಯ್ಕೆಯೂ ಬೇಕು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೆಯೋಕೆ ನನಗೇನೂ ಸಂಕೋಚ ಇಲ್ಲ. ನೋವು ಹೇಳ್ಕೊಳ್ಳೋ ಭಾಷೆ ಅವರವರದ್ದು.

ಫೋನ್ ಆಕೆಯದ್ದಲ್ಲದಿದ್ರೆ ಆ ನಾಚಿಕೆಯ ಪ್ರಶ್ನೆಗಳು ಫೋನಿನಲ್ಲಿ ಬರಲೇಬಾರದು, ಆಶಾ ಮನೆಗೆ ಬಂದಾಗ ಕೇಳಬೇಕು. ಫೋನಿನಲ್ಲಿ 'ಕ್ಯಾನ್ಸರ್' ಅನ್ನೋ ಪದವೂ ಬೇಡ, ಅಕ್ಕಪಕ್ಕದವರು ಕೇಳಿಸ್ಕೊಂಡು ಮಗಳ ಮದುವೆ ಮಾತಿಗೆ ಅಡ್ಡ ಬರೋ ಊರುಗಳು ಇನ್ನೂ ಇವೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ, ಆದರೆ ಕಾಯ್ದೆ ಹೇಳುತ್ತೆ ಅಂತಲ್ಲ, ಮರ್ಯಾದೆಯ ಪ್ರಶ್ನೆ ಅಂತ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, 'ಹೊಸ ಗಂಟು ಸಿಕ್ಕಿದೆ' ಅಥವಾ 'ಕೈ ಕೆಂಪಾಗಿ ಜ್ವರ ಬಂದಿದೆ' ಅಂತ ಒತ್ತಿದವರಿಗೆ ಒಂದು ದಿನದೊಳಗೆ ನರ್ಸ್ ಫೋನ್ ಮಾಡಬೇಕು, ಮುಟ್ಟಿ ನೋಡೋ ಡಾಕ್ಟರ ದಿನ ಗೊತ್ತು ಮಾಡಬೇಕು. ವಿಡಿಯೋದಲ್ಲಿ ಗಂಟು ಮುಟ್ಟಿ ನೋಡೋಕಾಗಲ್ಲ. ಮ್ಯಾಮೋಗ್ರಾಮ್ ಫೋನಲ್ಲಿ ಆಗಲ್ಲ. ಹಾಗಾಗಿ ಆನ್‌ಲೈನ್ ಅನ್ನೋದು ಆಸ್ಪತ್ರೆಗೆ ಹೋಗೋದನ್ನ ಪೂರ್ತಿ ತಪ್ಪಿಸೋಕಲ್ಲ. ಸುಮ್ಮನೆ ಹೋಗೋ ಓಡಾಟ ಕಡಿಮೆ ಮಾಡಿ, ಹೋಗಲೇಬೇಕಾದ ದಿನ ತಪ್ಪದ ಹಾಗೆ ನೋಡ್ಕೊಳ್ಳೋಕೆ.

ಎರಡು ತಕರಾರು

ಮೊದಲನೇದು: ಆಶಾಗಳ ಮೇಲೆ ಇನ್ನೊಂದು ಹೊರೆ. ಈ ತಕರಾರು ಸರಿ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಧರಣಿ ಕೂತಿದ್ದವರು ಇವರೇ. ಅವರ ಫೋನಿಗೆ ಇನ್ನೊಂದು ಆ್ಯಪ್, ತುಂಬೋಕೆ ಇನ್ನೊಂದು ಫಾರಂ ಅಂದ್ರೆ ಅದು ಅನ್ಯಾಯ. ಒಂದು ಹಳ್ಳಿಯಲ್ಲಿ ಇಂಥ ರೋಗಿಗಳು ಕೆಲವೇ ಜನ ಇರ್ತಾರೆ, ಆದರೂ ಕೆಲಸ ಕೆಲಸವೇ. ಅದಕ್ಕೆ ದುಡ್ಡು ಕೊಡಬೇಕು, ದಾಖಲಾತಿ ಕೆಲಸ ಅವರ ತಲೆಗೆ ಕಟ್ಟದೆ ಕಾಲ್ ಸಿಸ್ಟಮ್ಮೇ ಮಾಡಬೇಕು.

ಎರಡನೇದು ನಮ್ಮವರದ್ದೇ: 'ಕಾಲ್ ಯಾಕೆ, ಎಐ ಚಾಟ್‌ಬಾಟ್ ಹಾಕೋಣ, ಕನ್ನಡ ಮಾತಾಡುತ್ತೆ.' ಮಾತಾಡುತ್ತೆ, ನಿಜ. ಆದರೆ ಯಾವ ಕನ್ನಡ? 'ನಿಮ್ಮ ಸ್ತನದಲ್ಲಿ ಯಾವುದೇ ಅಸಹಜ ದ್ರವ್ಯರಾಶಿಯನ್ನು ಅನುಭವಿಸುತ್ತಿದ್ದೀರಾ?' ಅಂತ ಮಷೀನ್ ಅನುವಾದ ಕೇಳಿದ್ರೆ ಫಿಸಿಕ್ಸ್ ಓದಿದ ನಮಗೇ ಗಾಬರಿ ಆಗುತ್ತೆ. ನಮ್ಮೂರಲ್ಲಿ ಹಾಗೆ ಯಾರೂ ಮಾತಾಡಲ್ಲ. 'ಎದೆಯಲ್ಲಿ, ಕಂಕುಳಲ್ಲಿ ಹೊಸದಾಗಿ ಗಂಟು ಏನಾದ್ರೂ ಕೈಗೆ ಸಿಕ್ತಾಮ್ಮಾ?' ಅಂತ ಕೇಳಬೇಕು. 'ಆಯಾಸದ ಮಟ್ಟ ಎಷ್ಟು' ಅನ್ನೋ ಬದಲು 'ಮನೆ ಕೆಲಸ ಮೊದಲಿನ ಹಾಗೆ ಮಾಡೋಕಾಗ್ತಿದೆಯಾ?' ಅನ್ನಬೇಕು. ಬಾಟ್ ತಪ್ಪು ಹೇಳಿದ್ರೆ ಯಾರು ಹೊಣೆ ಅನ್ನೋದು ಆಮೇಲಿನ ಮಾತು. ಮೊದಲು ಪ್ರಶ್ನೆಯೇ ಅರ್ಥ ಆಗಬೇಕಲ್ವಾ?

ಇಲ್ಲೇ ನಮ್ಮ ಕನ್ನಡ ಸಂಘಕ್ಕೆ ಕೆಲಸ ಇರೋದು. ರಾಜ್ಯೋತ್ಸವಕ್ಕೆ ಬಾವುಟ ಹಾರಿಸ್ತೀವಿ, ಹಾಡು ಹೇಳ್ತೀವಿ, ಚೆನ್ನಾಗಿರುತ್ತೆ. ಅದರ ಜೊತೆಗೆ ಈ ಸೆಮಿಸ್ಟರ್ ಹತ್ತೇ ಹತ್ತು ಪ್ರಶ್ನೆಗಳನ್ನ ಕೋಲಾರದ ಕನ್ನಡದಲ್ಲಿ, ತೆಲುಗಿನಲ್ಲಿ ಬರೆಯೋಣ. ಒಬ್ಬ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ ಸರಿ ಮಾಡಿಸೋಣ. ಈ ನಾಲ್ಕು ತಾಲ್ಲೂಕಿನಿಂದ ಬಂದಿರೋ ಹುಡುಗಿಯರು ನಮ್ಮ ಕಾಲೇಜಿನಲ್ಲೇ ಇದ್ದಾರೆ, ಅವರ ದನಿಯಲ್ಲಿ ರೆಕಾರ್ಡ್ ಮಾಡೋಣ. ಎಲೆಕ್ಟ್ರಾನಿಕ್ಸ್‌ನವರು, ಕಂಪ್ಯೂಟರ್ ಸೈನ್ಸ್‌ನವರು ಕಾಲ್ ಸಿಸ್ಟಮ್ ಕಟ್ಟಲಿ, ಮಿನಿ ಪ್ರಾಜೆಕ್ಟ್‌ಗೆ ಸಾಕಾಗುತ್ತೆ. ಕಟ್ಟಿದ್ದನ್ನ ನಾವೇ ರೋಗಿಗಳ ಮೇಲೆ ಪ್ರಯೋಗ ಮಾಡೋದಲ್ಲ. ಒಪ್ಪೋ ಆಸ್ಪತ್ರೆ ಸಿಕ್ಕಿ, ಅವರ ನೈತಿಕ ಸಮಿತಿ ಅನುಮತಿ ಕೊಟ್ಟ ಮೇಲೆ ಅವರ ಕೈಗೆ ಕೊಡೋದು.

ಮಾರ್ಕ್ಸ್ ಕೊಡೋ ಮೇಷ್ಟ್ರುಗಳಿಗೂ ಒಂದು ಮನವಿ. ಇಂಥ ಪ್ರಾಜೆಕ್ಟ್ ಬಂದಾಗ 'ಅಕ್ಯುರೆಸಿ ಎಷ್ಟು?' ಅಂತ ಕೇಳಬೇಡಿ. ನೂರು ಜನಕ್ಕೆ ಕಾಲ್ ಹೋದ್ರೆ ಎಷ್ಟು ಜನ ಎತ್ತಿದ್ರು, ಮಾತ್ರೆ ನಿಲ್ಲಿಸಿದವರಲ್ಲಿ ಎಷ್ಟು ಜನ ಮತ್ತೆ ಶುರು ಮಾಡಿದ್ರು, ಗಂಟು ಅಂತ ಹೇಳಿದವರನ್ನ ಎಷ್ಟು ದಿನದಲ್ಲಿ ಡಾಕ್ಟರ್ ನೋಡಿದ್ರು ಅಂತ ಕೇಳಿ. ಈ ಮೂರು ನಂಬರ್ ಯಾವ ಲೈಬ್ರರಿಯಲ್ಲೂ ರೆಡಿಮೇಡ್ ಸಿಗಲ್ಲ. ಕೋಲಾರದ ಬಸ್ ಹತ್ತಿ ಹೋಗಿ ತರಬೇಕು.